ಬಾಡಿಗೆ ಕಾರು: ದರದ ಪೈಪೋಟಿ ಮತ್ತು ಗಿರಾಕಿಯ ನಿಷ್ಠೆ

ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿಯಲ್ಲಿ, ಅಂಜನಾದ್ರಿ ಬೆಟ್ಟದ ಬುಡದಲ್ಲಿ ಶನಿವಾರದಂದು ಸಾಲುಗಟ್ಟಿ ನಿಲ್ಲುವ ಬಾಡಿಗೆ ಕಾರುಗಳನ್ನು ಕಂಡವರಿಗೆ ಈ ವ್ಯವಹಾರ ಬಲು ಲಾಭದಾಯಕವೆಂದು ತೋರುವುದು ಸಹಜ. ಅದೇ ಕಾರುಗಳ ಲೆಕ್ಕಪುಸ್ತಕವನ್ನು ಮೇ ತಿಂಗಳಿನಲ್ಲಿ ತೆರೆದರೆ ಬೇರೆಯೇ ಚಿತ್ರ ಕಾಣುತ್ತದೆ. ಗಾಡಿ ನಿಂತಿರುತ್ತದೆ, ವೆಚ್ಚ ಓಡುತ್ತಿರುತ್ತದೆ. ಆಗ ಮಾಲೀಕರಿಗೆ ಮೊದಲು ಹೊಳೆಯುವ ಉಪಾಯ ದರ ಇಳಿಸುವುದು. ಆ ಉಪಾಯದ ಬೆಲೆ ಎಷ್ಟೆಂಬುದನ್ನು ಇಲ್ಲಿ ಪರಿಶೀಲಿಸೋಣ.

ಉದಾಹರಣೆಗಾಗಿ ಊಹಿಸಿದ ಅಂಕಿಗಳನ್ನು ತೆಗೆದುಕೊಳ್ಳೋಣ. ಒಂದು ಕಾರಿನ ನಿಶ್ಚಿತ ವೆಚ್ಚ, ಅಂದರೆ ಚಾಲಕನ ಸಂಬಳ, ವಿಮೆ, ಪರ್ಮಿಟ್, ಸಾಲದ ಬಡ್ಡಿ ಮತ್ತು ಸವಕಳಿ ಸೇರಿ ತಿಂಗಳಿಗೆ 36,000 ರೂ. ಇಂಧನ, ಟೈರು, ದುರಸ್ತಿಗೆ ಕಿಲೋಮೀಟರಿಗೆ 7 ರೂ. ದರ 13 ರೂ. ಇದ್ದರೆ ಕಿಲೋಮೀಟರಿಗೆ ಉಳಿಯುವುದು 6 ರೂ. ಆದ್ದರಿಂದ ಲಾಭ-ನಷ್ಟವಿಲ್ಲದ ಹಂತ ತಲುಪಲು 6,000 ಕಿ.ಮೀ. ಓಡಬೇಕು, ದಿನಕ್ಕೆ 300 ಕಿ.ಮೀ.ಯಂತೆ 20 ದಿನ. ದರವನ್ನು 12 ರೂ.ಗೆ ಇಳಿಸಿದರೆ 7,200 ಕಿ.ಮೀ., ಅಂದರೆ 24 ದಿನ. 11 ರೂ.ಗೆ ಇಳಿಸಿದರೆ 9,000 ಕಿ.ಮೀ., ಪೂರ್ತಿ 30 ದಿನ! ಎರಡು ರೂಪಾಯಿ ಬಿಟ್ಟುಕೊಟ್ಟ ಮಾಲೀಕ ತಿಂಗಳಿಡೀ ಒಂದು ದಿನವೂ ಬಿಡುವಿಲ್ಲದೆ ಓಡಿಸಿ ಶೂನ್ಯಕ್ಕೆ ಬಂದು ನಿಲ್ಲುತ್ತಾನೆ.

ತಾನೇ ಗಾಡಿ ಓಡಿಸುವ ಮಾಲೀಕ ತನ್ನ ದುಡಿಮೆಗೆ ಸಂಬಳ ಬರೆದುಕೊಳ್ಳುವುದಿಲ್ಲ. ಸವಕಳಿಯಂತೂ ತೆರಿಗೆಯ ಕಾಗದಕ್ಕೆ ಮಾತ್ರ ಸಂಬಂಧಿಸಿದ್ದೆಂಬ ಭಾವನೆ. ಬಾಡಿಗೆಗೆ ಓಡುವ ಟ್ಯಾಕ್ಸಿಗೆ ಆದಾಯ ತೆರಿಗೆ ನಿಯಮಗಳು ಸಾಮಾನ್ಯ ಕಾರಿನ ಶೇ. 15ಕ್ಕೆ ಬದಲಾಗಿ ಶೇ. 30ರಷ್ಟು ಸವಕಳಿ ನೀಡಿರುವುದು ಅದು ಅಷ್ಟು ಬೇಗ ಸವೆಯುತ್ತದೆಂಬ ಕಾರಣಕ್ಕೆ. ಇವೆರಡನ್ನೂ ಬಿಟ್ಟು ಲೆಕ್ಕ ಹಾಕಿದವನಿಗೆ 11 ರೂ. ದರವೂ ಲಾಭವಾಗಿಯೇ ಕಾಣುತ್ತದೆ. ಹೊಸ ಗಾಡಿ ಕೊಳ್ಳಬೇಕಾದ ದಿನ ಕೈಯಲ್ಲಿ ಹಣವಿರುವುದಿಲ್ಲ.

ಇನ್ನೊಂದು ಸಂಗತಿ. ಬೇಸಿಗೆಯ ಬಿಸಿಲಿಗೆ ಹಂಪಿ-ಆನೆಗೊಂದಿಗೆ ಬಾರದ ಪ್ರವಾಸಿ, ಕಿಲೋಮೀಟರಿಗೆ ಎರಡು ರೂಪಾಯಿ ಕಡಿಮೆಯಾಯಿತೆಂದು ಬರುವುದಿಲ್ಲ. ದರ ಇಳಿಕೆಯಿಂದ ಹೊಸ ಗಿರಾಕಿ ಹುಟ್ಟುವುದಿಲ್ಲ, ಪಕ್ಕದವನ ಗಿರಾಕಿ ಇತ್ತ ಬರುತ್ತಾನೆ. ಮರುದಿನ ಪಕ್ಕದವನೂ ಇಳಿಸುತ್ತಾನೆ. ಇದರ ಜೊತೆಗೆ ವೈಟ್ ಬೋರ್ಡ್ ಗಾಡಿಗಳ ಪೈಪೋಟಿ. ಪರ್ಮಿಟ್ಟಿನ ವೆಚ್ಚವಿಲ್ಲದ ಆ ಗಾಡಿಗಳ ದರಕ್ಕೆ ಹಳದಿ ಬೋರ್ಡಿನವರು ಸರಿಗಟ್ಟಲು ಹೋಗಬಾರದು. ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ. ಅಪಘಾತವಾದರೆ ಷರತ್ತಿನ ಉಲ್ಲಂಘನೆಯೆಂದು ವಿಮಾ ಸಂಸ್ಥೆ ಪರಿಹಾರ ನಿರಾಕರಿಸಬಹುದು. ಇದನ್ನು ಗಿರಾಕಿಗೆ ತಿಳಿಸಿ ಹೇಳುವುದೇ ಲೇಸು.

ದೊಡ್ಡ ಬಂಡವಾಳವಿದ್ದವರೂ ದರ ಸಮರದಿಂದ ನಿಷ್ಠೆಯನ್ನು ಕೊಂಡುಕೊಳ್ಳಲಾಗಲಿಲ್ಲ. 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟ್ಯಾಕ್ಸಿಫಾರ್‌ಶೂರ್ ಅನ್ನು 2015ರಲ್ಲಿ ಓಲಾ ಸುಮಾರು 20 ಕೋಟಿ ಡಾಲರಿಗೆ ಖರೀದಿಸಿ, 2016ರಲ್ಲಿ ಮುಚ್ಚಿತು. ರಿಯಾಯಿತಿಗೆ ಒಗ್ಗಿದ ಪ್ರಯಾಣಿಕ ಎರಡು ಮೂರು ಆ್ಯಪ್ ತೆರೆದು ಅಗ್ಗದ್ದನ್ನು ಆರಿಸತೊಡಗಿದ. ಪ್ರೋತ್ಸಾಹಧನ ಕಡಿತಗೊಂಡಾಗ, 2017ರ ಆರಂಭದಲ್ಲಿ, ಚಾಲಕರು ಬೀದಿಗಿಳಿದರು. ಇದಕ್ಕೆ ವಿರುದ್ಧವಾಗಿ, ಅಮೆರಿಕದಲ್ಲಿ ಹರ್ಟ್ಜ್‌ಗಿಂತ ಹಿಂದಿದ್ದ, ನಷ್ಟದಲ್ಲಿದ್ದ ಏವಿಸ್ ಸಂಸ್ಥೆ 1962ರಲ್ಲಿ ತಾನು ಎರಡನೆಯ ಸ್ಥಾನದವನೆಂದು ಒಪ್ಪಿಕೊಂಡು, ಆದ್ದರಿಂದಲೇ ಕಾರನ್ನು ಹೆಚ್ಚು ಶುಚಿಯಾಗಿಡುತ್ತೇವೆಂದು ಜಾಹೀರಾತು ನೀಡಿ ಲಾಭಕ್ಕೆ ಬಂದಿತು.

ಆದರೆ ನಮ್ಮ ಭಾಗದಲ್ಲಿ ನಿಷ್ಠ ಗಿರಾಕಿ ಎಂದರೆ ಯಾರು? ಕಿಷ್ಕಿಂಧೆಯನ್ನು ಜೀವನದಲ್ಲೊಮ್ಮೆ ನೋಡಿ ಹೋಗುವ ಯಾತ್ರಿಕನಲ್ಲ. ಮತ್ತೆ ಮತ್ತೆ ಫೋನ್ ಮಾಡುವವರು ಸಾಣಾಪುರದ ಹೋಂಸ್ಟೇ ಮಾಲೀಕರು, ಗಂಗಾವತಿಯ ಅಕ್ಕಿ ಗಿರಣಿಗಳವರು, ವೈದ್ಯರು, ಮದುವೆ ಮನೆಯವರು. ಇವರಿಗೆ ಬೇಕಾದುದು ಒಂದು ರೂಪಾಯಿ ರಿಯಾಯಿತಿಗಿಂತ, ಬೆಳಗಿನ ನಾಲ್ಕಕ್ಕೆ ಹೇಳಿದರೆ ನಾಲ್ಕಕ್ಕೇ ಬಾಗಿಲಲ್ಲಿ ನಿಲ್ಲುವ ಗಾಡಿ. ಹೋಂಸ್ಟೇಗಳಿಗೆ ನೀಡುವ ಕಮಿಷನ್ ಮರೆಯಲ್ಲಿ ಮಾಡಿದ ದರ ಕಡಿತವೇ ಆದ್ದರಿಂದ ಅದನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಬೇಕು. ಒಬ್ಬರನ್ನೇ ನೆಚ್ಚುವುದೂ ಸಲ್ಲದು: ಸುಪ್ರೀಂ ಕೋರ್ಟ್ ತೀರ್ಪಿನಂತೆ 2020ರಲ್ಲಿ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳು ತೆರವಾದುದನ್ನು ನಾವು ಕಂಡಿದ್ದೇವೆ.

ಖಾಯಂ ಗಿರಾಕಿ ಕೇಳುವ ರಿಯಾಯಿತಿ ಸಾಮಾನ್ಯವಾಗಿ ಉದ್ರಿಯ ರೂಪದಲ್ಲಿರುತ್ತದೆ. ತಿಂಗಳಿಗೆ 30,000 ರೂ. ಬಿಲ್ಲಾಗುವ ಕಡೆ ಮೂರು ತಿಂಗಳ ಬಾಕಿ ನಿಂತರೆ 90,000 ರೂ. ಸದಾ ಸಿಲುಕಿರುತ್ತದೆ. ಶೇ. 12ರ ಬಡ್ಡಿಯಂತೆ ತಿಂಗಳಿಗೆ 900 ರೂ., ಅಂದರೆ ಬಿಲ್ಲಿನ ಶೇ. 3 ಕೈಬಿಟ್ಟಂತೆ. ಗಾಡಿ ಮಾಲೀಕರು ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದು ಇಲ್ಲಿ ನೆರವಾಗುತ್ತದೆ. ಸೂಕ್ಷ್ಮ ಹಾಗೂ ಸಣ್ಣ ಸೇವಾ ಉದ್ದಿಮೆಗಳ ಬಿಲ್ಲನ್ನು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ ಗರಿಷ್ಠ 45 ದಿನಗಳಲ್ಲಿ ಪಾವತಿಸತಕ್ಕದ್ದು. 2023-24ನೇ ಹಣಕಾಸು ವರ್ಷದಿಂದ, ಈ ಅವಧಿ ಮೀರಿದ ವೆಚ್ಚವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಬಹುದು. ಗಿರಣಿ ಮಾಲೀಕರೂ ವರ್ಷಾಂತ್ಯಕ್ಕೆ ಮುನ್ನ ಟ್ರಾವೆಲ್ಸ್ ಬಾಕಿಯ ಪಟ್ಟಿಯನ್ನು ಒಮ್ಮೆ ತೆಗೆದು ನೋಡತಕ್ಕದ್ದು.