ಪೆಟ್ಟಿಗೆ ಮೇಲಿನ ಪಟ್ಟಿ ನೋಡಿ ಸ್ಕ್ಯಾನರ್ ಕೊಳ್ಳಬೇಡ

ಸೊರಬದಲ್ಲಿ ನಿನ್ನದೇ ಗ್ಯಾರೇಜು ತೆರೆದೆ ಎಂದು ಕೇಳಿ ಸಂತೋಷವಾಯಿತು ತಮ್ಮಾ. ಆನವಟ್ಟಿ ಕಡೆಯ ತೋಟದವರೊಬ್ಬರು ಸೆಕೆಂಡ್ ಹ್ಯಾಂಡ್ ಡಿಸ್ಕವರಿ 4 ತಂದು ನಿಲ್ಲಿಸಿದ್ದಾರೆ, ಅದಕ್ಕೊಂದು ಸ್ಕ್ಯಾನರ್ ಬೇಕು, ಯಾವುದು ಕೊಳ್ಳಲಿ ಎಂದು ಕೇಳಿದ್ದೆ. ಫೋನಿನಲ್ಲೇ ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ನಾಳೆ ಇನ್ನೊಂದು ಗಾಡಿ ಬಂದರೆ ಮತ್ತೆ ಇದೇ ಪ್ರಶ್ನೆ ಏಳುತ್ತದೆ. ಹಾಗಾಗಿ ಶಿಕಾರಿಪುರದಲ್ಲಿ ಕೂತು ನಾಲ್ಕು ಮಾತು ಬರೆಯುತ್ತಿದ್ದೇನೆ, ಸಮಾಧಾನವಾಗಿ ಓದು.

ನಮ್ಮ ಎರಡೂ ತಾಲೂಕಿನಲ್ಲಿ ದೊಡ್ಡ ಗಾಡಿ ಎಂದರೆ ಫಾರ್ಚುನರ್, ಇಲ್ಲವೆ ಥಾರ್. ಅವಕ್ಕೆ ಬೇಕಾದ ಸಾಮಾನು, ತಿಳಿದ ಕೈ ಎರಡೂ ಶಿವಮೊಗ್ಗದಲ್ಲಿ ಸಿಗುತ್ತವೆ. ಲ್ಯಾಂಡ್ ರೋವರ್ ಹಾಗಲ್ಲ. 1948ರಲ್ಲಿ ಗದ್ದೆ ಕೆಲಸಕ್ಕೂ ಆಗಲಿ ಎಂದು ಹುಟ್ಟಿದ ಗಾಡಿ ಅದು. ಆಗ ಸ್ಪ್ಯಾನರ್, ಸುತ್ತಿಗೆ ಇದ್ದರೆ ಸಾಕಾಗುತ್ತಿತ್ತು. 2008ರಲ್ಲಿ ಟಾಟಾದವರು ಆ ಕಂಪನಿ ಕೊಳ್ಳುವ ಹೊತ್ತಿಗೆ ಅದು ಚಕ್ರದ ಮೇಲಿನ ಕಂಪ್ಯೂಟರುಗಳ ಗುಂಪಾಗಿತ್ತು. ಎಂಜಿನ್‌ಗೆ ಒಂದು, ಗೇರ್‌ಬಾಕ್ಸ್‌ಗೆ ಒಂದು, ಎಬಿಎಸ್‌ಗೆ, ಏರ್ ಸಸ್ಪೆನ್ಷನ್‌ಗೆ, ಹ್ಯಾಂಡ್ ಬ್ರೇಕಿಗೆ ಕೂಡ ಒಂದೊಂದು. ಹೊಸದಾಗಿದ್ದಾಗ ಬೆಂಗಳೂರಿನವರ ಕೈಯಲ್ಲಿದ್ದು, ಬೆಲೆ ಇಳಿದ ಮೇಲೆ ನಮ್ಮ ಕಡೆಗೆ ಬರುತ್ತದೆ. ಕೊಳ್ಳುವಾಗ ಬೆಲೆ ಫಾರ್ಚುನರ್‌ಗಿಂತ ಕಡಿಮೆ ಕಂಡಿರುತ್ತದೆ. ಕೆಟ್ಟು ನಿಂತಾಗ ಲಾರಿಗೆ ಹತ್ತಿಸಿ ಬೆಂಗಳೂರಿಗೆ ಕಳಿಸುವ ಖರ್ಚು ಕೇಳಿ ಎದೆ ಒಡೆಯುತ್ತದೆ. ಅಲ್ಲಿಗೆ ಕಳಿಸದೆ ಇಲ್ಲೇ ಕಾಯಿಲೆ ಹಿಡಿದುಕೊಡುವವನು ಆ ಮಾಲೀಕರಿಗೆ ಬೇಕು. ನಿನಗೆ ಕೆಲಸವಿರುವುದು ಅಲ್ಲಿ.

ಮೊದಲು ಒಂದು ಭ್ರಮೆ ಬಿಡಿಸುತ್ತೇನೆ. ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಏನು ಚುಚ್ಚಿದರೂ ಇಡೀ ಗಾಡಿ ಮಾತಾಡುತ್ತದೆ ಎಂದು ಹುಡುಗರು ನಂಬಿರುತ್ತಾರೆ. ಆ ಸಾಕೆಟ್ಟು ಹುಟ್ಟಿದ್ದೇ ಹೊಗೆಯ ಲೆಕ್ಕ ಇಡಲು. ಅಮೆರಿಕದಲ್ಲಿ 1996ರ ಮಾದರಿಯಿಂದ ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್ 4 ಹೊಗೆ ನಿಯಮದ ಜೊತೆ 2010ರಲ್ಲಿ ಮೊದಲ ಹಂತ, 2013ರಲ್ಲಿ ಎರಡನೆಯ ಹಂತ ಬಂತು. ಕಾನೂನು ಕೇಳಿದ್ದು ಹೊಗೆಗೆ ಸಂಬಂಧಿಸಿದ ಮಾಹಿತಿಯನ್ನು ಮಾತ್ರ, ಅಂದರೆ ಹೆಚ್ಚುಕಡಿಮೆ ಎಂಜಿನ್ ಲೆಕ್ಕ. ಆದ್ದರಿಂದ ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಬ್ಲೂಟೂತ್ ತುಂಡು ಎಂಜಿನ್ನಿನ ದೋಷದ ಕೋಡನ್ನಷ್ಟೇ ಓದುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಸಸ್ಪೆನ್ಷನ್ ದೋಷ, ಐವತ್ತರ ಮೇಲೆ ಓಡಿಸಬೇಡ ಎಂದು ಬರುತ್ತಿದ್ದರೂ ನಿನ್ನ ಫೋನಿನಲ್ಲಿ ‘ದೋಷವಿಲ್ಲ’ ಎಂದು ತೋರಿಸುತ್ತದೆ. ಎರಡೂ ತಮ್ಮ ಮಟ್ಟಿಗೆ ನಿಜವೇ ಹೇಳುತ್ತಿವೆ. ಮಾಲೀಕರಿಗೆ ಮಾತ್ರ ನಿನ್ನ ಮೇಲಿನ ನಂಬಿಕೆ ಹೋಗುತ್ತದೆ.

ಡಿಸ್ಕವರಿಯಲ್ಲಿ ನಿನ್ನ ಬಳಿ ಹೆಚ್ಚು ಬರುವುದು ಈ ಏರ್ ಸಸ್ಪೆನ್ಷನ್ನೇ. ಕಂಪ್ರೆಸರ್ ಗಾಳಿ ತುಂಬುತ್ತದೆ, ಟ್ಯಾಂಕಿನಲ್ಲಿ ಕೂಡಿಡುತ್ತದೆ, ವಾಲ್ವ್ ಬ್ಲಾಕ್ ಅದನ್ನು ನಾಲ್ಕು ಮೂಲೆಗೆ ಹಂಚುತ್ತದೆ, ಪ್ರತಿ ಮೂಲೆಯಲ್ಲಿ ಒಂದು ಹೈಟ್ ಸೆನ್ಸರ್ ಎತ್ತರ ಹೇಳುತ್ತದೆ. ಶಿರಾಳಕೊಪ್ಪ, ಉಳವಿ, ಚಂದ್ರಗುತ್ತಿ ಕಡೆ ತೋಟದ ದಾರಿಯಲ್ಲಿ ಮಳೆಗಾಲದ ಕೆಂಪು ಕೆಸರು ಆ ಸೆನ್ಸರಿನ ಕೀಲಿಗೆ ಮೆತ್ತಿ ಒಣಗಿ ಕೂತುಬಿಡುತ್ತದೆ. ಕಂಪ್ರೆಸರ್ ಸವೆದಿದ್ದರೆ ಸಿ1ಎ20 ಎಂಬ ಕೋಡ್ ಬರುತ್ತದೆ. ಟ್ಯಾಂಕ್ ತುಂಬುವಾಗ ಒತ್ತಡ ನಿಧಾನವಾಗಿ ಏರುತ್ತಿದೆ ಎಂದು ಅದರ ಅರ್ಥ. ಕಂಪ್ರೆಸರ್ ಹಾಳಾಗಿದೆ ಎಂದು ಆ ಕೋಡ್ ಎಲ್ಲೂ ಹೇಳುವುದಿಲ್ಲ ಮಾರಾಯ. ರಿಲೇ ಸುಟ್ಟಿರಬಹುದು, ಪೈಪಿನಲ್ಲಿ ಸೋರಿಕೆ ಇರಬಹುದು, ವಾಲ್ವ್ ಅಂಟಿರಬಹುದು. ಕೋಡ್ ನೋಡಿದ ಕೂಡಲೇ ದುಬಾರಿ ಕಂಪ್ರೆಸರ್ ತರಿಸಿ ಹಾಕುವವನು, ಚೀಲ ಬಿಚ್ಚದೆ ಇದು ರಾಶಿ, ಇದು ಬೆಟ್ಟೆ ಎಂದು ಅಡಿಕೆಗೆ ದರ ಕಟ್ಟುವವನಂತೆ. ಹಾಗಾಗಿ ನಿನ್ನ ಸ್ಕ್ಯಾನರ್ ಕೋಡ್ ಜೊತೆಗೆ ಇನ್ನೂ ಎರಡು ಕೆಲಸ ಮಾಡಲೇಬೇಕು. ಓಡುತ್ತಿರುವಾಗಲೇ ಒತ್ತಡ, ಎತ್ತರ, ವೋಲ್ಟೇಜ್ ಅಂಕಿಗಳನ್ನು ತೋರಿಸಬೇಕು. ಕಂಪ್ರೆಸರ್ ಓಡು, ಈ ಮೂಲೆಯ ವಾಲ್ವ್ ತೆರೆ ಎಂದು ನೀನು ಆಜ್ಞೆ ಕೊಟ್ಟರೆ ಗಾಡಿ ಕೇಳಬೇಕು. ಕೊಳ್ಳುವಾಗ ನನ್ನ ಪ್ರಕಾರ ನೋಡಬೇಕಾದ್ದರಲ್ಲಿ ಮುಖ್ಯವಾದವು ಇವೆರಡು. ಪೆಟ್ಟಿಗೆ ಮೇಲೆ ನೂರು ಕಂಪನಿಗಳ ಹೆಸರು ಅಚ್ಚು ಹಾಕಿರುತ್ತಾರೆ. ಯಾವ ಕಂಪನಿಯ ಗಾಡಿಯ ಒಳಗೆ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಆ ಪಟ್ಟಿ ಹೇಳುವುದಿಲ್ಲ.

ಸೆನ್ಸರ್ ಬದಲಿಸಿದರೆ ಎತ್ತರವನ್ನು ಮತ್ತೆ ಕಲಿಸಬೇಕು. ಹಿಂದಿನ ಬ್ರೇಕ್ ಬಿಚ್ಚುವ ಮುಂಚೆ ಎಲೆಕ್ಟ್ರಿಕ್ ಹ್ಯಾಂಡ್ ಬ್ರೇಕನ್ನು ಸರಿಯಾದ ಸ್ಥಾನಕ್ಕೆ ತರಬೇಕು. ಇಂಜೆಕ್ಟರ್ ಬದಲಿಸಿದರೆ ಅದರ ಮೇಲೆ ಬರೆದ ಕೋಡನ್ನು ಎಂಜಿನ್ ಕಂಪ್ಯೂಟರಿಗೆ ತುಂಬಬೇಕು. ಈ ಸೇವೆಗಳು ಸ್ಕ್ಯಾನರಿನಲ್ಲಿ ಇವೆಯೇ ಎಂದು ಹೆಸರು ಹಿಡಿದು ಕೇಳು. ‘ಎಲ್ಲ ಇದೆ ಸಾರ್’ ಎಂಬ ಉತ್ತರಕ್ಕೆ ಬೆಲೆಯಿಲ್ಲ.

ಈಗ ಸಾಧನಗಳ ಮಾತು. ಮೊದಲನೆಯದು ಲ್ಯಾಂಡ್ ರೋವರ್ ಕಂಪನಿಯವರದೇ ಸಾಫ್ಟ್‌ವೇರ್, ಎಸ್‌ಡಿಡಿ. ಸುಮಾರು 2016, 2017ರವರೆಗಿನ ಗಾಡಿಗಳಿಗೆ ಅದು, ಅದರಿಂದೀಚಿನವಕ್ಕೆ ಪಾತ್‌ಫೈಂಡರ್. ಎರಡೂ ಲ್ಯಾಪ್‌ಟಾಪ್ ಮೇಲೆ ಓಡುವಂಥವು. ಕಂಪ್ಯೂಟರ್ ಬದಲಿಸಿ ಹೊಸ ಪ್ರೋಗ್ರಾಮ್ ಹಾಕುವುದಿದ್ದರೆ ಇವೇ ಕಂಪನಿಯ ದಾರಿ. ನಕಲಿ ಕೇಬಲ್ ಜೊತೆ ಕದ್ದ ಎಸ್‌ಡಿಡಿ ಹಾಕಿಕೊಡುವವರು ಸಿಗುತ್ತಾರೆ, ಅವರ ಹತ್ತಿರ ಹೋಗಬೇಡ. ಪ್ರೋಗ್ರಾಮಿಂಗ್ ಅರ್ಧಕ್ಕೆ ನಿಂತರೆ ಆ ಕಂಪ್ಯೂಟರ್ ಮಾಡ್ಯೂಲ್ ಸತ್ತೇಹೋಗಬಹುದು. ಆಗ ಸಾಫ್ಟ್‌ವೇರ್ ಕೊಟ್ಟವನು ಫೋನ್ ಎತ್ತುವುದಿಲ್ಲ, ಗಾಡಿಯ ಮಾಲೀಕರು ನಿನ್ನ ಬಾಗಿಲಲ್ಲಿ ನಿಂತಿರುತ್ತಾರೆ. ಕಂಪನಿಯ ವೈರಿಂಗ್ ಚಿತ್ರ, ರಿಪೇರಿ ವಿವರ ಬೇಕಿದ್ದರೆ ಅವರದೇ ಟಾಪಿಕ್ಸ್ ಎಂಬ ತಾಣವಿದೆ, ಹಣ ಕಟ್ಟಿ ನ್ಯಾಯವಾಗಿ ಓದಬಹುದು.

ಎರಡನೆಯದು ಗ್ಯಾಪ್ ಡಯಾಗ್ನಾಸ್ಟಿಕ್‌ನವರ ಐಐಡಿ ಟೂಲ್. ಲ್ಯಾಂಡ್ ರೋವರ್‌ಗೆಂದೇ ಮಾಡಿದ್ದು, ಅಂಗೈಯಷ್ಟು ದೊಡ್ಡದು, ಫೋನಿನಲ್ಲೇ ನಡೆಯುತ್ತದೆ. ಸಸ್ಪೆನ್ಷನ್ ಎತ್ತರ ಕಲಿಸುವುದು, ಹ್ಯಾಂಡ್ ಬ್ರೇಕ್ ಕೆಲಸ, ಲೈವ್ ಅಂಕಿ ಎಲ್ಲವೂ ಅದರಲ್ಲಿ ಬರುತ್ತವೆ. ತೊಡಕು ಒಂದೇ. ಅದರ ಲೈಸೆನ್ಸ್ ಗಾಡಿಯ ಚಾಸಿಸ್ ನಂಬರಿಗೆ ಬಿಗಿದಿರುತ್ತದೆ, ಬಂದ ಗಾಡಿಗೆಲ್ಲ ಚುಚ್ಚುತ್ತ ಹೋಗಲು ಆಗುವುದಿಲ್ಲ. ಮೂರನೆಯದು ಆಟೆಲ್, ಲಾಂಚ್ ಮುಂತಾದವರ ಎಲ್ಲ ಕಂಪನಿಯ ಟ್ಯಾಬ್ಲೆಟ್ ಸ್ಕ್ಯಾನರ್. ಗ್ಯಾರೇಜಿಗೆ ಹೇಳಿ ಮಾಡಿಸಿದ್ದು ಅದು, ಆದರೆ ಉಚಿತ ಅಪ್‌ಡೇಟ್ ಅವಧಿ ಮುಗಿದ ಮೇಲೆ ವರ್ಷವರ್ಷ ಹಣ ಕಟ್ಟಬೇಕು. ಕಟ್ಟದಿದ್ದರೆ ಇದ್ದ ಕೆಲಸಗಳು ನಡೆಯುತ್ತವೆಯೇ ನಿಲ್ಲುತ್ತವೆಯೇ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊ.

ನನ್ನ ಸಲಹೆ ಹೀಗೆ. ಆ ತೋಟದವರಿಗೆ ವಿವರಿಸಿ ಐಐಡಿ ಟೂಲ್ ಅವರ ದುಡ್ಡಿನಲ್ಲೇ ತರಿಸು. ಅವರ ಗಾಡಿಯ ಗ್ಲವ್ ಬಾಕ್ಸಿನಲ್ಲೇ ಇರಲಿ. ದೂರದ ಊರಲ್ಲಿ ಕೆಟ್ಟರೂ ಕೋಡ್ ಓದಿ ನಿನಗೆ ಫೋಟೋ ಕಳಿಸಬಹುದು. ನಿನ್ನ ದುಡ್ಡನ್ನು ಫಾರ್ಚುನರ್‌ಗೂ ಥಾರ್‌ಗೂ ಆಗುವ, ಆಜ್ಞೆ ಕೊಡಬಲ್ಲ ಟ್ಯಾಬ್ಲೆಟ್ಟಿನ ಮೇಲೆ ಹಾಕು. ಒಂದೇ ಒಂದು ಗಾಡಿ ನಂಬಿ ಲ್ಯಾಂಡ್ ರೋವರ್ ಸಾಧನಕ್ಕೆ ಸಾಲ ಮಾಡಬೇಡ. ಹೊಸ ಗ್ಯಾರೇಜಿನವನ ಮೇಲೆ ಸಾಲದ ಕಂತು ಎಷ್ಟು ಭಾರ ಕೂರುತ್ತದೆ ಎಂದು ನಾನು ಬಲ್ಲೆ, ನಿನಗೆ ಅದು ಬರಬಾರದು ಎಂಬ ಆಸೆ ನನ್ನದು.

ಸ್ಕ್ಯಾನರ್ ಆರ್ಡರ್ ಮಾಡುವ ಮುಂಚೆ ಚಾಸಿಸ್ ನಂಬರ್ ಬರೆದುಕೊ. ಅದರ ಹದಿನೇಳು ಅಕ್ಷರಗಳಲ್ಲಿ ಹತ್ತನೆಯದು ಮಾದರಿ ವರ್ಷ ಹೇಳುತ್ತದೆ. ‘ಬಿ’ ಇದ್ದರೆ 2011, ‘ಸಿ’ ಇದ್ದರೆ 2012, ‘ಡಿ’ ಇದ್ದರೆ 2013. ಇದು ಸುಮ್ಮನೆ ಹೇಳುವ ಮಾತಲ್ಲ. ಡಿಸ್ಕವರಿ 4ರಲ್ಲಿ ಮೊದಲು ಆರು ಗೇರಿನ ಬಾಕ್ಸ್ ಇತ್ತು, 2012ರ ಮಾದರಿಯಿಂದ ಎಂಟು ಗೇರಿನದು ಬಂತು. ಸಾಧನ ಆ ವರ್ಷದ ಗಾಡಿಗೆ ಹೊಂದುತ್ತದೋ ಇಲ್ಲವೋ ಎಂಬುದು ಗಾಡಿಯ ಹೆಸರಿನಿಂದ ತಿಳಿಯದು.

ಇನ್ನೊಂದು ವಿಷಯ, ಇದನ್ನು ಒತ್ತಿ ಹೇಳುತ್ತೇನೆ. ಸ್ಕ್ಯಾನರ್‌ಗಿಂತ ಮೊದಲು ಒಳ್ಳೆಯ ಮಲ್ಟಿಮೀಟರ್ ಕೊಳ್ಳು. ನಮ್ಮ ಮಳೆಗೆ ಅರ್ಥ್ ಜಾಗಗಳು ಹಸಿರುಗಟ್ಟುತ್ತವೆ, ಕೊಟ್ಟಿಗೆ ಪಕ್ಕ ನಿಲ್ಲಿಸಿದ ಗಾಡಿಯ ವೈರು ಇಲಿ ಕಡಿಯುತ್ತದೆ. ಬ್ಯಾಟರಿ ಬಲ ಕಳೆದುಕೊಂಡರೆ ಈ ಗಾಡಿಗಳು ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಕೋಡು ಒಟ್ಟಿಗೆ ಕಾರುತ್ತವೆ. ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಸುತ್ತ ಇರಬೇಕು, ಎಂಜಿನ್ ಓಡುವಾಗ ಸುಮಾರು 14 ಬರಬೇಕು. ಬ್ಯಾಟರಿ ಬಿಚ್ಚಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆ. ಅರವತ್ತರ ಆಸುಪಾಸು ಬಂದರೆ ಎಂಜಿನ್ ಮತ್ತಿತರ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಕ್ಯಾನ್ ತಂತಿ ಸರಿ ಇದೆ. ನೂರಿಪ್ಪತ್ತು ಬಂದರೆ ಎಲ್ಲೋ ತುಂಡಾಗಿದೆ, ಆಗ ಯಾವ ಸ್ಕ್ಯಾನರೂ ನಿನಗೆ ಪೂರ್ತಿ ಉತ್ತರ ಕೊಡದು.

ಕೋಡ್ ಅಳಿಸುವ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರು. ಮೊದಲು ಎಲ್ಲ ಕೋಡೂ ಫೋಟೋ ತೆಗೆದು ಮಾಲೀಕರ ಮುಂದೆ ಇಡು, ರಿಪೇರಿ ಮುಗಿಸು, ಆಮೇಲೆ ಅಳಿಸು. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ನಿನ್ನನ್ನು ಕರೆದರೆ ಇನ್ನೊಂದು ಅಂಕಿ ಹುಡುಕು. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂದು ಎಂಜಿನ್ ಕಂಪ್ಯೂಟರ್ ಲೆಕ್ಕ ಇಟ್ಟಿರುತ್ತದೆ, ಅಗ್ಗದ ಬ್ಲೂಟೂತ್ ತುಂಡೂ ಇದನ್ನು ಓದುತ್ತದೆ. ಆ ಅಂಕಿ ಹತ್ತೋ ಇಪ್ಪತ್ತೋ ಇದ್ದರೆ ಮಾರುವವರು ನಿನ್ನೆಯೇ ಏನನ್ನೋ ಒರೆಸಿರಬಹುದು. ಕೊಳ್ಳುವವರ ಕಿವಿಯಲ್ಲಿ ಹೇಳಿಬಿಡು, ಸಂಕೋಚ ಬೇಡ.

ಸ್ಕ್ಯಾನರ್ ಮಾರುವವರಿಗೆ ಮುಂಗಡ ಕೊಡುವ ಮುನ್ನ ಸಾಧನವನ್ನು ಸೊರಬಕ್ಕೆ ತರಿಸಿ ಇದೇ ಡಿಸ್ಕವರಿಗೆ ಚುಚ್ಚಿ ತೋರಿಸಲು ಹೇಳು. ಸಸ್ಪೆನ್ಷನ್ ಮಾಡ್ಯೂಲ್ ತೆರೆಯಲಿ, ನಾಲ್ಕು ಮೂಲೆಯ ಎತ್ತರ ಬರಲಿ, ಕಂಪ್ರೆಸರ್ ಅವರ ಆಜ್ಞೆಗೆ ಓಡಲಿ. ಗಾಡಿಯ ಕೆಳಗೆ ಕೈ ಹಾಕುವಾಗ ಮಾತ್ರ ಏರ್ ಸಸ್ಪೆನ್ಷನ್ ನಂಬಬೇಡ, ಚಾಸಿಸ್‌ಗೆ ಸ್ಟ್ಯಾಂಡ್ ಕೊಟ್ಟೇ ಒಳಗೆ ಹೋಗು. ಆ ದಿನ ಬೆಳಿಗ್ಗೆಯೇ ಫೋನ್ ಮಾಡು, ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ನಾನೂ ಬರುತ್ತೇನೆ.