ನಮ್ಮ ಪತ್ರ ಸ್ಪ್ಯಾಮ್ ಪೆಟ್ಟಿಗೆ ಸೇರದಿರಲು



ಕಳೆದ ವಾರ್ಷಿಕ ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಸಭೆಯ ನೋಟೀಸೇ ನಮಗೆ ಬರಲಿಲ್ಲ, ಪಕ್ಕದ ತೋಟದವರು ಹೇಳಿದ್ದರಿಂದ ಬಂದೆವು" ಎಂದು ಆಕ್ಷೇಪಿಸಿದ್ದು ಅಂದು ಹಾಜರಿದ್ದವರಿಗೆ ನೆನಪಿರಬಹುದು. ನೋಟೀಸನ್ನು ಈ-ಮೇಲ್ ಮೂಲಕ ಕಳುಹಿಸಿದ ದಾಖಲೆ ಸಂಘದ ಕಛೇರಿಯಲ್ಲಿತ್ತು. ಅವರ ಫೋನನ್ನೇ ತೆಗೆದು ನೋಡಲಾಗಿ, ನಮ್ಮ ನೋಟೀಸು 'ಸ್ಪ್ಯಾಮ್' ಎಂಬ ಪೆಟ್ಟಿಗೆಯಲ್ಲಿ, ಲಾಟರಿ ಗೆದ್ದಿದ್ದೀರೆಂಬ ಪತ್ರಕ್ಕೂ ಕೂಡಲೇ ಸಾಲ ಕೊಡುತ್ತೇವೆಂಬ ಪತ್ರಕ್ಕೂ ನಡುವೆ ಬಿದ್ದಿತ್ತು. ತಪ್ಪು ಸದಸ್ಯರದಲ್ಲ, ನಮ್ಮದೇ. ಅದು ಹೇಗಾಯಿತು, ಹೇಗೆ ಸರಿಪಡಿಸಿಕೊಂಡೆವು ಎಂಬುದನ್ನು ಮುಚ್ಚಿಡದೆ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ತೋಟದ ಕಾಫಿ ಪುಡಿಯನ್ನೋ ಚಾಲಿ ಅಡಿಕೆಯನ್ನೋ ತಾವೇ ನೇರವಾಗಿ ಮಾರಬೇಕೆಂದಿರುವ ಸದಸ್ಯರಿಗೂ ಇದು ಉಪಯೋಗಕ್ಕೆ ಬಂದೀತು.

ಗಿರಾಕಿಯನ್ನು ಹುಡುಕಿ ಪತ್ರ ಬರೆಯುವುದು ನಮಗೆ ತಲೆಮಾರಿನಿಂದ ಬಂದ ಅಭ್ಯಾಸವಲ್ಲ. 1940ರ ದಶಕದಿಂದಲೂ ಬೆಳೆದ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತಿನಲ್ಲಿ ಬರುವ ಹಣಕ್ಕೆ ಕಾಯುವುದು ರೂಢಿಯಾಗಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಅದಕ್ಕೆ ಒಂದು ವರ್ಷ ಮೊದಲು, 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮವು ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭಿಸಿತ್ತು. ಮಾರುವ ಹೊಣೆಯೂ ಬರೆಯುವ ಸಾಧನವೂ ಹೆಚ್ಚುಕಡಿಮೆ ಒಟ್ಟಿಗೇ ನಮ್ಮ ಕೈಗೆ ಬಂದವು. ಎರಡನ್ನೂ ನಾವು ಬಹಳ ತಡವಾಗಿ ಕಲಿತೆವು.

ಎರಡು ವರ್ಷಗಳ ಹಿಂದೆ, ಸದಸ್ಯರ ಪ್ಲಾಂಟೇಷನ್ ಎ ಮತ್ತು ಪೀಬೆರಿ ಬೀಜವನ್ನು ಬೆಂಗಳೂರಿನ ಹಳೆಯ ಬಡಾವಣೆಗಳ ಪುಡಿ ಅಂಗಡಿ, ಹೋಟೆಲುಗಳಿಗೆ ನೇರವಾಗಿ ಕೊಡುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಬೀಜ ಹುರಿದು, ಗಿರಾಕಿಯ ಕಣ್ಣೆದುರೇ ಪುಡಿ ಮಾಡಿ, ಕೇಳಿದಷ್ಟೇ ಚಿಕೋರಿ ಬೆರೆಸಿ ಕೊಡುವ ಪದ್ಧತಿ ಇನ್ನೂ ಉಳಿದಿದೆ. ಅಂಥವರಿಗೆ ಬೀಜದ ಗುಣ ವಿವರಿಸಿ ಹೇಳಬೇಕಾಗಿಲ್ಲ. ಆದರೆ ನಾವು ಮಾಡಿದ್ದೇನು? ಯಾರೋ ಮಾರುತ್ತಿದ್ದ ವಿಳಾಸಪಟ್ಟಿಯನ್ನು ದುಡ್ಡು ಕೊಟ್ಟು ತಂದು, ಆರುನೂರು ವಿಳಾಸಗಳಿಗೆ ಒಂದೇ ಸಂಜೆ ಒಂದೇ ಪತ್ರವನ್ನು, ಭಾರಿ ಗಾತ್ರದ ದರಪಟ್ಟಿಯ ಚಿತ್ರ ಸಮೇತ ಕಳುಹಿಸಿಬಿಟ್ಟೆವು. ಬಂದ ಉತ್ತರಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಆರು ವಾರದ ಮೇಲೆ ಬಸವನಗುಡಿಯ ಅಂಗಡಿಯವರೊಬ್ಬರು ಫೋನ್ ಮಾಡಿ, "ನಿಮ್ಮ ಪತ್ರ ಇವತ್ತು ಕಸ ತೆಗೆಯುವಾಗ ಕಣ್ಣಿಗೆ ಬಿತ್ತು ಸ್ವಾಮಿ. ಪೀಬೆರಿ ಬೇಕಾಗಿತ್ತು, ಈ ವರ್ಷದ್ದು ಬೇರೆ ಕಡೆ ಕೊಂಡಾಯಿತು" ಎಂದರು. ಆ ಪೀಬೆರಿ ಮಳೆಗಾಲ ಕಳೆಯುವವರೆಗೂ ಗೋದಾಮಿನಲ್ಲೇ ಉಳಿದು, ಕೊನೆಗೆ ಕಡಿಮೆ ದರಕ್ಕೆ ಹೋಯಿತು. ಆ ಒಂದು ಸಂಜೆಯ ಕೆಲಸದಿಂದ ಸಂಘದ ಹೆಸರಿಗೇ ಕಳಂಕ ಹತ್ತಿ, ಮಹಾಸಭೆಯ ನೋಟೀಸೂ ಅದೇ ಪೆಟ್ಟಿಗೆಗೆ ಬಿತ್ತು.

ಬೇಡದ ಪತ್ರಗಳ ಈ ಕಾಟ ಹೊಸದೇನಲ್ಲ. 1978ರ ಮೇ 3ರಂದು ಅಮೆರಿಕದಲ್ಲಿ ಗ್ಯಾರಿ ಥ್ಯೂರ್ಕ್ ಎಂಬ ಕಂಪ್ಯೂಟರ್ ಮಾರಾಟಗಾರರು ಅರ್ಪಾನೆಟ್ ಎಂಬ ಜಾಲದಲ್ಲಿದ್ದ ಸುಮಾರು 400 ಮಂದಿಗೆ ಒಟ್ಟಿಗೇ ಜಾಹೀರಾತು ಕಳುಹಿಸಿದ್ದೇ ಇದರ ಮೊದಲು ಎನ್ನುತ್ತಾರೆ. ಬೈಗಳು ತಿಂದರೂ ಅವರಿಗೆ ವ್ಯಾಪಾರವಾಯಿತಂತೆ! ಇಂದು ಹಾಗಾಗದು. ಪತ್ರ ಬಂದೊಡನೆ ಅಂಚೆ ಸೇವೆಯ ಯಂತ್ರವೇ ಅದನ್ನು ಜರಡಿ ಹಿಡಿಯುತ್ತದೆ. ಕ್ಯೂರಿಂಗಿನಲ್ಲಿ ಕರಿಬೀಜದ ಜೊತೆ ಒಂದೊಂದು ಒಳ್ಳೆಯ ಬೀಜವೂ ಹೋಗುವಂತೆ ಇಲ್ಲೂ ಹೋಗುತ್ತದೆ.

ಯಂತ್ರ ಮೊದಲು ಕೇಳುವುದು, ಪತ್ರ ನಿಜವಾಗಿಯೂ ಆ ಹೆಸರಿನವರದೇ ಎಂದು. ಸಂಘದ ಡೊಮೇನ್ ಹೆಸರಿಗೆ, ಪಹಣಿಯಂತೆ ಯಾರು ಬೇಕಾದರೂ ತೆರೆದು ನೋಡಬಹುದಾದ ಡಿಎನ್‌ಎಸ್ ಎಂಬ ದಾಖಲೆ ಉಂಟು. ಅದರಲ್ಲಿ ಮೂರು ನಮೂದುಗಳಿರಬೇಕು. ಎಸ್‌ಪಿಎಫ್ ಎಂಬುದು, ನಮ್ಮ ಹೆಸರಿನ ಪತ್ರ ಹೊತ್ತು ತರಲು ಯಾವ ಯಾವ ಸರ್ವರುಗಳಿಗೆ ಅಧಿಕಾರವಿದೆ ಎಂಬ ಪಟ್ಟಿ. ಡಿಕಿಮ್ ಎಂಬುದು ಅರಗಿನ ಮುದ್ರೆಯಂತೆ. ಕಳುಹಿಸುವ ಸರ್ವರ್ ಗುಟ್ಟಿನ ಕೀಲಿಯಿಂದ ಪತ್ರಕ್ಕೆ ಮುದ್ರೆ ಒತ್ತುತ್ತದೆ. ಪಡೆಯುವವರು ನಮ್ಮ ದಾಖಲೆಯಲ್ಲಿರುವ ಬಹಿರಂಗ ಕೀಲಿಯಿಂದ ಅದನ್ನು ತಾಳೆ ನೋಡುತ್ತಾರೆ. ದಾರಿಯಲ್ಲಿ ಯಾರಾದರೂ ತಿದ್ದಿದ್ದರೆ ಮುದ್ರೆ ಒಡೆದಿರುತ್ತದೆ. ಡಿಮಾರ್ಕ್ ಎಂಬುದು ನಮ್ಮ ಸೂಚನೆ: ಪತ್ರದ ಮೇಲೆ ಕಾಣುವ ಹೆಸರಿನೊಡನೆ ಇವೆರಡರಲ್ಲಿ ಒಂದೂ ಹೊಂದದಿದ್ದರೆ ಒಳಗೆ ಬಿಡಬೇಕೋ, ಸ್ಪ್ಯಾಮಿಗೆ ತಳ್ಳಬೇಕೋ, ತಿರಸ್ಕರಿಸಬೇಕೋ ಎಂದು. ಮೊದಮೊದಲು 'ಏನೂ ಮಾಡಬೇಡಿ, ವರದಿ ಮಾತ್ರ ಕಳುಹಿಸಿ' ಎಂದಿಟ್ಟುಕೊಂಡು, ವರದಿ ನೋಡಿ ಬಿಗಿ ಮಾಡುವುದು ಕ್ಷೇಮ.

ನಮ್ಮಲ್ಲಿ ಆಗಿದ್ದ ಎಡವಟ್ಟು ಇಲ್ಲಿಯೇ. ವೆಬ್‌ಸೈಟ್ ಮಾಡಿಕೊಟ್ಟವರು ಒಂದು ಎಸ್‌ಪಿಎಫ್ ನಮೂದು ಹಾಕಿದ್ದರು, ಈ-ಮೇಲ್ ಜೋಡಿಸಿದವರು ಇನ್ನೊಂದು ಹಾಕಿದ್ದರು. ಒಂದು ಡೊಮೇನಿಗೆ ಎಸ್‌ಪಿಎಫ್ ಒಂದೇ ಇರತಕ್ಕದ್ದು. ಒಂದೇ ಸರ್ವೆ ನಂಬರಿಗೆ ಎರಡು ಪಹಣಿ ತಂದವನ ಗತಿಯೇ ಎರಡಿಟ್ಟವರಿಗೂ, ಎರಡೂ ಅಸಿಂಧು. ಎರಡರ ಒಕ್ಕಣೆಯನ್ನೂ ಒಂದೇ ಸಾಲಿಗೆ ಸೇರಿಸಿದೆವು. ಲೆಕ್ಕಪತ್ರದ ಸಾಫ್ಟ್‌ವೇರೊಂದು ನಮ್ಮ ಹೆಸರಿನಲ್ಲಿ ತನ್ನದೇ ಸರ್ವರಿನಿಂದ ಬಿಲ್ಲುಗಳನ್ನು ಕಳುಹಿಸುತ್ತಿತ್ತು; ಅದನ್ನೂ ಪಟ್ಟಿಗೆ ಸೇರಿಸಿ, ಅದಕ್ಕೂ ಡಿಕಿಮ್ ಹಾಕಿಸಿದೆವು. ಈ ತಿದ್ದುಪಡಿಗೆಲ್ಲ ಅರ್ಧ ದಿನ ಸಾಕಾಯಿತು. ಸರಿಯಾಯಿತೇ ಎಂದು ನೋಡಲು ನಿಮ್ಮದೇ ಜಿಮೇಲ್ ವಿಳಾಸಕ್ಕೊಂದು ಪತ್ರ ಕಳುಹಿಸಿ, ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ಆರಿಸಿರಿ. ಮೂರರ ಎದುರಿಗೂ 'ಪಾಸ್' ಎಂದಿರಬೇಕು.

2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಸಂಸ್ಥೆಗಳು ಈ ಕಾಗದಪತ್ರಗಳನ್ನು ಕಡ್ಡಾಯ ಮಾಡಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಮೂರೂ ಬೇಕು, ಒಂದೇ ಒತ್ತಿನಲ್ಲಿ ಪಟ್ಟಿಯಿಂದ ಹೊರಬರುವ ಅನುಕೂಲವೂ ಬೇಕು. ನಮ್ಮಂಥ ಸಣ್ಣವರಿಗೆ ಮೊದಲೆರಡರಲ್ಲಿ ಒಂದು ಸಾಕೆನ್ನುತ್ತದೆ ನಿಯಮ. ಮೂರನ್ನೂ ಇಟ್ಟುಕೊಳ್ಳುವುದೇ ಮೇಲು. ದೂರಿನ ಲೆಕ್ಕ ಇನ್ನೂ ಬಿಗಿ. 'ಇದು ಸ್ಪ್ಯಾಮ್' ಎಂದು ಒತ್ತುವವರು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಇರಬೇಕು, ಮೂವರನ್ನು ಎಂದೂ ಮುಟ್ಟಬಾರದು. ನಮ್ಮ ಆರುನೂರರಲ್ಲಿ ಇಬ್ಬರು ಒತ್ತಿದರೂ ಮಿತಿ ಮೀರಿತು! ಕೊಂಡ ಪಟ್ಟಿಯಲ್ಲಿ ಎಷ್ಟೋ ವಿಳಾಸಗಳು ಸತ್ತಿದ್ದವು. ಕೆಲವನ್ನು ಇಂಥವರನ್ನು ಹಿಡಿಯಲೆಂದೇ ಬಲೆಯಾಗಿ ಇಟ್ಟಿರುತ್ತಾರೆ ಎಂಬುದನ್ನು ಆಮೇಲೆ ತಿಳಿದೆವು. ದಾಖಲೆ ಎಷ್ಟೇ ಚೊಕ್ಕಟವಿರಲಿ, ಬೇಡದವರಿಗೆ ಬರೆದರೆ ಅದು ಕಾಯುವುದಿಲ್ಲ.

ಆದ್ದರಿಂದ ಆ ಪಟ್ಟಿಯನ್ನು ಅಳಿಸಿ, ನಡೆದೇ ಹೊರಟೆವು. ಗಾಂಧಿ ಬಜಾರು, ಚಾಮರಾಜಪೇಟೆಯ ಮುಖ್ಯರಸ್ತೆಗಳು, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆ. ಅಂಗಡಿಯವರನ್ನು ಕಂಡು, "ಒಂದು ಪತ್ರ ಬರೆಯಬಹುದೇ, ಯಾವ ವಿಳಾಸಕ್ಕೆ?" ಎಂದು ಕೇಳಿದೆವು. ಬೇಡವೆಂದವರ ಹೆಸರು ಬರೆದುಕೊಳ್ಳಲಿಲ್ಲ. ಮೂರು ದಿನಕ್ಕೆ ನಲವತ್ತು ವಿಳಾಸ ಸಿಕ್ಕವು, ಮಂಡಿನೋವೂ ಸಿಕ್ಕಿತು. ದಿನಕ್ಕೆ ಐದಾರರಂತೆ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದೆವು. ಎಂದೂ ಹೆಚ್ಚು ಕಳುಹಿಸದ ವಿಳಾಸದಿಂದ ಒಮ್ಮೆಲೇ ರಾಶಿ ಹೊರಟರೆ ಯಂತ್ರಕ್ಕೆ ಅನುಮಾನ ಬರುತ್ತದೆ.

ಒಕ್ಕಣೆ ಹೀಗಿತ್ತು: "ನಮಸ್ಕಾರ. ಮಂಗಳವಾರ ತಮ್ಮ ಅಂಗಡಿಯಲ್ಲಿ ಭೇಟಿಯಾಗಿದ್ದೆವು. ನಮ್ಮ ಸದಸ್ಯರ ಈ ಸಾಲಿನ ಪೀಬೆರಿ ಸಿದ್ಧವಿದೆ. ಹುರಿದು ನೋಡಲು ಅರ್ಧ ಕಿಲೋ ಮಾದರಿ ಕಳುಹಿಸಬಹುದೇ? ಬೇಡವಾದರೆ ಒಂದು ಸಾಲು ಬರೆಯಿರಿ, ಮತ್ತೆ ತೊಂದರೆ ಕೊಡುವುದಿಲ್ಲ." ಕೆಳಗೆ ಹೆಸರು, ಕಛೇರಿಯ ವಿಳಾಸ, ಫೋನ್. ದರಪಟ್ಟಿಯನ್ನು ಕೇಳಿದ ಮೇಲೆ ಕಳುಹಿಸಿದೆವು. ಮೊಟಕು ಮಾಡಿದ ಲಿಂಕುಗಳನ್ನು ಹಾಕಲಿಲ್ಲ. ಬೇಡವೆಂದವರಿಗಾಗಿ ಒಂದು ರಿಜಿಸ್ಟರು ಇಟ್ಟೆವು. ಗುಮಾಸ್ತರು ಬದಲಾದರೂ ಅದು ಕಛೇರಿಯಲ್ಲೇ ಇರತಕ್ಕದ್ದು.

ಇನ್ನೊಂದು ಮಾತು ಕನ್ನಡದಲ್ಲಿ ಬರೆಯುವವರಿಗೆ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿ ಅಂಟಿಸಿದರೆ ನಮ್ಮ ಪರದೆಯಲ್ಲಿ ಕನ್ನಡವಾಗಿಯೇ ಕಂಡರೂ, ಅತ್ತ ಕಡೆ ಅದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಂತೆಯಾಗಿ ತಲುಪುತ್ತದೆ. ಯಂತ್ರಕ್ಕಂತೂ ಸರಿಯೇ, ಮನುಷ್ಯರಿಗೂ ಅದು ಮೋಸದ ಪತ್ರದಂತೆ ಕಾಣುತ್ತದೆ. ಯೂನಿಕೋಡಿನಲ್ಲೇ ಬರೆಯಿರಿ.

ಈ ಸಲ ನಲವತ್ತರಲ್ಲಿ ಹದಿಮೂರು ಮಂದಿ ಉತ್ತರಿಸಿದರು. ಆ ಬಸವನಗುಡಿಯವರೂ ಒಬ್ಬರು. ಬರುವ ಕೊಯ್ಲಿನ ಪೀಬೆರಿಗೆ ಮಾದರಿ ಕೇಳಿದ್ದಾರೆ. ಮಾರಾಟದ ಪತ್ರಗಳನ್ನು ಇನ್ನು ಮೇಲೆ ಸಂಘದ ಉಪ-ಡೊಮೇನಿನಿಂದ ಕಳುಹಿಸುತ್ತೇವೆ. ಅದರ ಕಳಂಕ ನೋಟೀಸಿಗೆ ತಗಲುವುದು ಕಡಿಮೆಯಾದೀತು, ಪೂರ್ತಿ ತಪ್ಪುತ್ತದೆಂದು ಹೇಳಲಾರೆವು.

ಸದಸ್ಯರು ದಯವಿಟ್ಟು ತಮ್ಮ ಸ್ಪ್ಯಾಮ್ ಪೆಟ್ಟಿಗೆಯನ್ನೊಮ್ಮೆ ತೆರೆದು, ಸಂಘದ ಪತ್ರ ಕಂಡರೆ 'ಸ್ಪ್ಯಾಮ್ ಅಲ್ಲ' ಎಂದು ಒತ್ತಿ, ನಮ್ಮ ವಿಳಾಸವನ್ನು ಫೋನಿನಲ್ಲಿ ಉಳಿಸಿಕೊಳ್ಳಬೇಕೆಂದು ಕೋರುತ್ತೇವೆ. ಈ ವರ್ಷದ ಮಹಾಸಭೆಯ ನೋಟೀಸು ಈ-ಮೇಲಿನ ಜೊತೆಗೆ ಅಂಚೆಯಲ್ಲೂ ಬರುತ್ತದೆ.