ಕರ್ನಲ್ ವಸಂತ್ ವೇಣುಗೋಪಾಲ್

ನಾಡಿಗಾಗಿ ಮಡಿದವರನ್ನು ಸ್ಮರಿಸುವುದು ಕನ್ನಡ ನಾಡಿನ ಪ್ರಾಚೀನ ಸಂಪ್ರದಾಯ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋರಾಡಿ ಸತ್ತವನಿಗೂ ರಣರಂಗದಲ್ಲಿ ಒಡೆಯನ ಪರವಾಗಿ ಬಿದ್ದವನಿಗೂ ಹಿಂದಿನವರು ವೀರಗಲ್ಲುಗಳನ್ನು ನಿಲ್ಲಿಸಿದರು. ತುಳುನಾಡಿನ ವೀರರಾದ ಕೋಟಿ ಚೆನ್ನಯರು ಇಂದಿಗೂ ಗರೋಡಿಗಳಲ್ಲಿ ಆರಾಧನೆ ಪಡೆಯುತ್ತಿದ್ದಾರೆ. ಅವರ ಕಥೆ ಪಾಡ್ದನಗಳಲ್ಲಿ ಉಳಿದುಬಂದಿದೆ. ಆದರೆ ಕಲ್ಲು ನಿಲ್ಲಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದು ಹಿಂದಿನವರು ಭಾವಿಸಲಿಲ್ಲ. ಮಡಿದ ವೀರನ ಮನೆಯವರ ಜೀವನೋಪಾಯಕ್ಕಾಗಿ ಭೂಮಿಯನ್ನು ದತ್ತಿಯಾಗಿ ಕೊಡುವ ಪದ್ಧತಿಯೂ ಇತ್ತು. ವೀರನು ಚೆಲ್ಲಿದ ರಕ್ತಕ್ಕಾಗಿ ಕೊಟ್ಟ ಈ ದತ್ತಿಗೆ ನೆತ್ತರುಗೊಡಗೆ ಎಂದು ಹೆಸರು. ಅಗಲಿದವನ ಕೀರ್ತಿಗೆ ಕಲ್ಲು, ಉಳಿದವರ ಬದುಕಿಗೆ ನೆಲ. ಇವೆರಡೂ ಸೇರಿದಾಗಲೇ ಸ್ಮರಣೆ ಪೂರ್ಣವಾಗುತ್ತಿತ್ತು. ಈ ವಿವೇಕವು ಇಂದಿಗೂ ಬತ್ತಿಲ್ಲವೆಂಬುದಕ್ಕೆ ಕರ್ನಲ್ ವಸಂತ್ ಮತ್ತು ಅವರ ಕುಟುಂಬದವರ ಜೀವನವೇ ನಿದರ್ಶನ.

ವಸಂತ್ ವೇಣುಗೋಪಾಲ್ ಅವರು 1967ರ ಮಾರ್ಚ್ 25ರಂದು ಉಡುಪಿಯಲ್ಲಿ ಜನಿಸಿದರು. ಆಗ ಉಡುಪಿಯು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ತಂದೆ ವೇಣುಗೋಪಾಲ್, ತಾಯಿ ಪ್ರಫುಲ್ಲಾ. ಬಾಲ್ಯದಿಂದಲೇ ಸೈನ್ಯವನ್ನು ಸೇರುವ ಹಂಬಲವಿದ್ದ ವಸಂತ್, ಡೆಹರಾಡೂನಿನ ಭಾರತೀಯ ಸೇನಾ ಅಕಾಡೆಮಿಯಲ್ಲಿ ತರಬೇತಿ ಪಡೆದು, 1989ರ ಜೂನ್ ತಿಂಗಳಲ್ಲಿ ಮರಾಠಾ ಲಘು ಪದಾತಿ ದಳದ ಒಂಬತ್ತನೆಯ ಬೆಟಾಲಿಯನ್ನಿನ ಅಧಿಕಾರಿಯಾದರು. 1768ರಷ್ಟು ಹಿಂದೆ ಆರಂಭವಾದ ಈ ದಳದ ತರಬೇತಿ ಕೇಂದ್ರವು ನಮ್ಮ ರಾಜ್ಯದ ಬೆಳಗಾವಿಯಲ್ಲಿದೆ.

ಹದಿನೇಳು ವರ್ಷಗಳ ಸೇವೆಯ ಬಳಿಕ, 2006ರಲ್ಲಿ ಅವರು ತಮ್ಮ ಬೆಟಾಲಿಯನ್ನಿಗೇ ನಾಯಕರಾದರು. ಬೆಟಾಲಿಯನ್ನಿನ ನಾಯಕನೆಂದರೆ ನೂರಾರು ಯೋಧರ ಹೊಣೆ ಹೊತ್ತವನು. ಯೋಜನೆಯನ್ನು ರೂಪಿಸಿ, ಹಿಂದಿನ ನೆಲೆಯಲ್ಲಿ ನಿಂತು ಆಜ್ಞೆಗಳನ್ನು ಕೊಡಲು ಅವನಿಗೆ ಅವಕಾಶವಿರುತ್ತದೆ. ಆದರೆ ವಸಂತ್ ಅವರ ರೀತಿಯೇ ಬೇರೆಯಾಗಿತ್ತು. ಇಷ್ಟು ಹಿರಿಯ ಅಧಿಕಾರಿಯಾದ ಮೇಲೂ ಅಪಾಯದ ಮುಂಚೂಣಿಗೆ ಹೋಗಬೇಕೇ ಎಂದು ಕಳವಳಪಟ್ಟ ತಾಯಿಗೆ, ತನ್ನ ಯೋಧರು ಹೋಗುವೆಡೆಗೆ ತಾನೂ ಹೋಗುವೆನೆಂದು ಅವರು ತಿಳಿಸಿದ್ದರು.

ಆ ಮಾತು ಬರಿಯ ಮಾತಾಗಿ ಉಳಿಯಲಿಲ್ಲ. ಕಾಶ್ಮೀರದ ಬಾರಾಮುಲ್ಲಾ ಜಿಲ್ಲೆಯ ಉರಿ ಪ್ರದೇಶವು ನಿಯಂತ್ರಣ ರೇಖೆಗೆ ಹೊಂದಿಕೊಂಡಿದೆ. ದಟ್ಟವಾದ ಕಾಡು, ಕಡಿದಾದ ಬೆಟ್ಟಗಳಿಂದ ಕೂಡಿದ ಆ ಸೀಮೆಯಲ್ಲಿ ನುಸುಳಿ ಬರುವವರನ್ನು ತಡೆಯುವುದು ಸುಲಭವಲ್ಲ. 2007ರ ಜುಲೈ 31ರಂದು ಅಲ್ಲಿ ಶಸ್ತ್ರಸಜ್ಜಿತ ಭಯೋತ್ಪಾದಕರು ಒಳನುಗ್ಗಿದಾಗ ವಸಂತ್ ತಾವೇ ಯೋಧರ ಮುಂದಾಳಾಗಿ ಹೊರಟು, ಅವರು ಪಾರಾಗುವ ದಾರಿಗಳನ್ನು ಮುಚ್ಚಿದರು. ಎದುರಿನಿಂದ ಗುಂಡಿನ ಮಳೆಗರೆಯಿತು. ತೀವ್ರವಾಗಿ ಗಾಯಗೊಂಡರೂ ಅವರು ಹಿಮ್ಮೆಟ್ಟದೆ ಹೋರಾಡಿದರು. ಆ ಹೋರಾಟದಲ್ಲಿಯೇ ವೀರಮರಣವನ್ನಪ್ಪಿದರು. ಆಗ ಅವರ ವಯಸ್ಸು ನಲವತ್ತು. ಅವರೊಡನೆ ಹೋರಾಡಿದ ಯೋಧರೊಬ್ಬರೂ ಅಂದೇ ಪ್ರಾಣಾರ್ಪಣೆ ಮಾಡಿದರು.

ಬೆಂಗಳೂರಿನಲ್ಲಿ ಸಕಲ ಸೇನಾ ಗೌರವಗಳೊಡನೆ ವಸಂತ್ ಅವರ ಅಂತ್ಯಕ್ರಿಯೆ ನಡೆಯಿತು. ತಂದೆತಾಯಿಗಳು ಮಗನನ್ನು, ಪತ್ನಿ ಸುಭಾಷಿಣಿಯವರು ಪತಿಯನ್ನು, ಇಬ್ಬರು ಪುಟ್ಟ ಹೆಣ್ಣುಮಕ್ಕಳು ತಂದೆಯನ್ನು ಕಳೆದುಕೊಂಡಿದ್ದರು. ಬಂಧುಗಳೂ ಗೆಳೆಯರೂ ಒಡನಾಡಿದ ಯೋಧರೂ ಶೋಕತಪ್ತರಾದರು. 2008ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನ, ರಾಷ್ಟ್ರವು ವಸಂತ್ ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರವನ್ನು ನೀಡಿತು. ಯುದ್ಧವಿಲ್ಲದ ಕಾಲದಲ್ಲಿ ತೋರಿದ ಶೌರ್ಯಕ್ಕೆ ಸಲ್ಲುವ ಅತ್ಯುನ್ನತ ಪ್ರಶಸ್ತಿ ಅದು. ರಾಷ್ಟ್ರಪತಿ ಪ್ರತಿಭಾ ಪಾಟೀಲರಿಂದ ಸುಭಾಷಿಣಿಯವರು ಅದನ್ನು ಸ್ವೀಕರಿಸಿದರು.

ಪದಕವು ಮನೆಯನ್ನು ಸೇರಿತು. ಆದರೆ ಮನೆಯ ಶೂನ್ಯ ತುಂಬಲಿಲ್ಲ. ಆ ಶೂನ್ಯ ತನ್ನೊಬ್ಬಳದಲ್ಲವೆಂಬುದನ್ನು ಸುಭಾಷಿಣಿಯವರು ಅರಿತರು. ಮಡಿದ ಯೋಧರ ಪತ್ನಿಯರಲ್ಲಿ ಅನೇಕರು ಹಳ್ಳಿಗಳಲ್ಲಿ ವಾಸಿಸುವವರು, ಎಳೆಯ ವಯಸ್ಸಿನವರು. ತಮಗೆ ಸಲ್ಲಬೇಕಾದ ಪಿಂಚಣಿ ಮತ್ತು ಸೌಲಭ್ಯಗಳ ವಿವರ ಎಲ್ಲರಿಗೂ ತಿಳಿದಿರುವುದಿಲ್ಲ. ಮನಸ್ಸಿನ ದುಃಖವನ್ನು ಹೇಳಿಕೊಳ್ಳಲು ಜೊತೆಯೂ ಇರುವುದಿಲ್ಲ. ಸ್ವತಃ ಭರತನಾಟ್ಯ ಕಲಾವಿದೆಯಾದ ಸುಭಾಷಿಣಿಯವರು 2007ರಲ್ಲಿಯೇ ಬೆಂಗಳೂರಿನಲ್ಲಿ ವಸಂತರತ್ನ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಮಡಿದ ಯೋಧರ ಪತ್ನಿಯರನ್ನು ಒಂದೆಡೆ ಸೇರಿಸುವುದು, ಅವರಲ್ಲಿ ಧೈರ್ಯ ತುಂಬುವುದು, ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗುವುದು ಅದರ ಕಾರ್ಯವಾಯಿತು. ತನ್ನ ಕಣ್ಣೀರನ್ನು ಒರೆಸಿಕೊಳ್ಳುವ ಮೊದಲೇ ಇನ್ನೊಬ್ಬರ ಕಣ್ಣೀರನ್ನು ಒರೆಸಲು ಕೈಚಾಚಿದ ಈ ಧೈರ್ಯವು ರಣರಂಗದ ಧೈರ್ಯಕ್ಕಿಂತ ಕಡಿಮೆಯದಲ್ಲ.

ಯೋಧನು ಗಡಿಯಲ್ಲಿ ನಿಲ್ಲುವಾಗ ತನ್ನ ಮನೆಯನ್ನು ನಾಡಿನ ಕೈಗೆ ಒಪ್ಪಿಸಿ ಹೋಗಿರುತ್ತಾನೆ. ಅವನು ಮರಳಿ ಬಾರದಿದ್ದರೆ ಆ ಮನೆಯ ಹೊಣೆ ನಾಡಿನದೇ. ಪ್ರತಿಮೆಗೆ ಹಾರ ಹಾಕುವುದು ವರ್ಷಕ್ಕೊಂದು ದಿನದ ಕೆಲಸ. ಮಡಿದವನ ಮನೆಯ ಮಗು ಶಾಲೆಗೆ ಹೋಗುವಂತೆ ನೋಡಿಕೊಳ್ಳುವುದು ವರ್ಷವಿಡೀ ನಡೆಯಬೇಕಾದ ಕೆಲಸ. ವೀರಗಲ್ಲಿನ ಜೊತೆಗೆ ನೆತ್ತರುಗೊಡಗೆಯನ್ನೂ ಕೊಟ್ಟ ಹಿರಿಯರು ಹಾಕಿಕೊಟ್ಟ ದಾರಿ ಇದೇ.